ಅತ್ತೆ ಕೇಳಿದ ಜೈಸಲ್ಮೇರ್

ಕೊಳ್ಳೇಗಾಲ,
ಕೊಯಮತ್ತೂರು ಜಿಲ್ಲೆ,
೨೮-೯-೧೯೫೩

ಯಜಮಾನರಿಗೆ ಶಿವರತ್ನಳ ಶರಣು,

ನಿಮ್ಮ ಮೈ ಹೇಗಿದೆ? ಮರಳುಗಾಳಿಗೆ ಕಣ್ಣು ಕೆಂಪಾಗುತ್ತಿದ್ದದ್ದು ಈಗ ಕಡಿಮೆಯಾಗಿದೆಯೇ? ನಾನು ಕೊಟ್ಟು ಬಂದ ಹರಳೆಣ್ಣೆಯನ್ನು ತಲೆಗೆ ಹಾಕಿಕೊಳ್ಳುತ್ತೀರೋ, ಇಲ್ಲ ಬಾವಿ ಕೊರೆಯುವ ಯಂತ್ರಕ್ಕೇ ಸುರಿದಿರೋ? ಮನೆಯೊಡತಿ ಧಾಪುಬಾಯಿಯವರು ಹೇಗಿದ್ದಾರೆ? ಬಲಗಣ್ಣಿಗೆ ಇನ್ನೂ ಸ್ವಲ್ಪ ಬೆಳಕು ಕಾಣುತ್ತದೆ ಎನ್ನುತ್ತಿದ್ದರು, ಅದಾದರೂ ಉಳಿದಿದೆಯೇ? ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಅತ್ತೆಯವರಿಗೆ ಮಂಡಿನೋವು ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ನನಗೆ ಕಾಯಿಲೆಯೇ ಇಲ್ಲ. ಆದರೆ ಬೆಳಿಗ್ಗೆ ಎದ್ದಾಗಲೇ ಸಂಜೆಯಾದಷ್ಟು ಆಯಾಸವಾಗಿರುತ್ತದೆ. ಯಾಕೆಂದು ಕೇಳಬೇಡಿ, ಈ ಕಾಗದ ಓದಿದರೆ ನಿಮಗೇ ತಿಳಿಯುತ್ತದೆ.

ರೇಷ್ಮೆಹುಳ ಕೊನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿವೆ. ಎಷ್ಟು ಸೊಪ್ಪು ಹಾಕಿದರೂ ಸಾಲದು. ತಟ್ಟೆಯ ಹತ್ತಿರ ನಿಂತರೆ ತೋಟದಲ್ಲಿ ಮಳೆ ಬಿದ್ದ ಹಾಗೆ ಸದ್ದು ಬರುತ್ತದೆ. ಬೇರೆ ಮನೆ ಮಾಡಿಕೊಂಡಿದ್ದರೂ ಭಾವನವರೇ ಈ ಸಲ ಗೂಡು ಕಟ್ಟಿಸುವ ಚಂದ್ರಂಕಿಗಳನ್ನೆಲ್ಲ ಹೊಸದಾಗಿ ಹೆಣೆಸಿದ್ದಾರೆ. ಊರಿನಲ್ಲಿ ಒಂದೇ ಮಾತು. ಆಂಧ್ರದವರು ಮದರಾಸಿನಿಂದ ಬೇರೆಯಾಗುತ್ತಾರಂತೆ, ಹಾಗಾದರೆ ನಮ್ಮನ್ನೂ ಮೈಸೂರಿಗೆ ಸೇರಿಸಿಬಿಡಲಿ ಎಂದು ಅಂಗಡಿ ಜಗುಲಿಗಳ ಮೇಲೆ ಕೂತವರೆಲ್ಲ ಹೇಳುತ್ತಾರೆ. ಹಾಗೇನಾದರೂ ಆದರೆ ಯಳಂದೂರಿನ ನನ್ನ ತವರೂ ಕೊಳ್ಳೇಗಾಲದ ಈ ಮನೆಯೂ ಒಂದೇ ಸರ್ಕಾರಕ್ಕೆ ಸೇರುತ್ತವೆ. ಅಷ್ಟು ಹತ್ತಿರದ ಎರಡು ಊರು ಎರಡು ರಾಜ್ಯದಲ್ಲಿ ಯಾಕಿವೆ ಎಂದು ಚಿಕ್ಕಂದಿನಲ್ಲಿ ಅಪ್ಪನನ್ನು ಕೇಳುತ್ತಿದ್ದೆ. ಅಪ್ಪ ನಗುತ್ತಿದ್ದರು.

ನಾನು ಜೈಸಲ್ಮೇರಿನಿಂದ ಬಂದ ಮೇಲೆ ಇಲ್ಲಿ ಏನು ನಡೆಯಿತು ಎಂದು ಇದುವರೆಗೂ ನಿಮಗೆ ಬರೆಯಲಿಲ್ಲ. ಬರೆದದ್ದೆಲ್ಲ ಕ್ಷೇಮಸಮಾಚಾರ, ಅದೂ ಕಾರ್ಡಿನಲ್ಲಿ. ಇವತ್ತು ಅತ್ತೆಯವರು ಜಗುಲಿಯಲ್ಲಿ ಸೊಪ್ಪು ಹೆಚ್ಚುತ್ತಾ ಕೂತಿದ್ದಾರೆ. ನಾನು ಒಳಗೆ ಕೂತು ಎಲ್ಲವನ್ನೂ ಬರೆದುಬಿಡುತ್ತೇನೆ.

ನಾನು ಅಷ್ಟು ದೂರ ಯಾಕೆ ಬಂದೆ ಎಂದು ನೀವು ಬಾಯಿಬಿಟ್ಟು ಕೇಳಲಿಲ್ಲ. ನಿಮ್ಮ ಪಲ್ಟನ್ನು ಬೆಂಗಳೂರಿಗೆ ವಾಪಸಾಯಿತು, ನೀವು ಮಾತ್ರ ಬಿಡುಗಡೆ ಬರೆಸಿಕೊಂಡು ಆ ಮರಳುಗಾಡಿನಲ್ಲೇ ಬಾವಿ ಕೆಲಸಕ್ಕೆ ಸೇರಿಕೊಂಡಿರಿ ಎಂದು ಹನೂರಿನ ದೊಡ್ಡಮಾದಪ್ಪ ಬಂದು ಹೇಳಿದ. ನಿಮ್ಮ ಜೊತೆಗೇ ಪಲ್ಟನ್ನಿನಲ್ಲಿ ಇದ್ದವನು, ಸುಳ್ಳು ಹೇಳುವವನಲ್ಲ. ಕಾರಣ ಕೇಳಿದರೆ ತಲೆ ಬಗ್ಗಿಸಿದ. ಅಷ್ಟು ಸಾಕಾಯಿತು. ಬೇರೆ ಹೆಣ್ಣಿದೆ ಎಂದು ಶಾಗ್ಯದ ನಿಮ್ಮ ಸೋದರಮಾವನ ಮನೆಯವರೆಗೂ ಸುದ್ದಿ ಹೋಯಿತು. ಅತ್ತೆಯವರೇ ನನ್ನ ಅಣ್ಣನನ್ನು ಯಳಂದೂರಿನಿಂದ ಕರೆಸಿ, "ಕೆಂಪನಂಜಪ್ಪ, ನಿನ್ ತಂಗೀನ ಕರ್ಕಂಡೋಗು. ಅವ್ಳು ಯಾವಳೋ ಏನೋ, ಕಣ್ಣಾರ ಕಂಡು ಬರ್ಲಿ" ಎಂದರು. ಬೊಂಬಾಯಿ, ಅಹಮದಾಬಾದು, ಜೋಧಪುರ, ಅಲ್ಲಿಂದ ಪೋಖರಣ್, ಅಲ್ಲಿಂದಾಚೆ ಲಾರಿಯಲ್ಲಿ ಜೈಸಲ್ಮೇರ್. ರೈಲಿನಲ್ಲಿ ಕೂತು ಕೂತು ನನ್ನ ಕಾಲು ಬಾತುಹೋಯಿತು. ದಾರಿಯುದ್ದಕ್ಕೂ ಅವಳನ್ನು ಏನೆಂದು ಬೈಯಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಅವಳಿಗೆ ಕನ್ನಡ ಬರುವುದಿಲ್ಲ ಎನ್ನುವುದು ಲಾರಿಯಿಂದ ಇಳಿದ ಮೇಲೆ ಹೊಳೆಯಿತು.

ಆಮೇಲೆ ಆದದ್ದು ನಿಮ್ಮ ಕಣ್ಣೆದುರಿಗೇ ಆಯಿತು. ಆದರೂ ಬರೆಯುತ್ತೇನೆ, ಯಾಕೆಂದರೆ ನೀವು ಆಗ ನನ್ನ ಮುಖ ನೋಡುತ್ತಿರಲಿಲ್ಲ. ಕೋಟೆ ಕೆಳಗಿನ ಗಲ್ಲಿ, ಹಳದಿ ಕಲ್ಲಿನ ಸಣ್ಣ ಮನೆ, ಹೊಸ್ತಿಲಲ್ಲಿ ಒಂದು ಮುದುಕಿ, ನಿಮ್ಮ ಧಾಪುಬಾಯಿ. ನನ್ನ ಬಳೆ ಸದ್ದು ಕೇಳಿ ಎದ್ದು ಬಂದು ನನ್ನ ಮುಖವನ್ನೆಲ್ಲ ಕೈಯಿಂದ ಸವರಿದರು. "ಬೀನಣಿ, ಬೀನಣಿ" ಎಂದು ಅಳತೊಡಗಿದರು. ಸೊಸೆ ಎಂದರ್ಥ ಎಂದು ನೀವು ಮೆಲ್ಲಗೆ ಹೇಳಿದಿರಿ. ಆಮೇಲೆ ಅವರು ಇನ್ನೇನೋ ಕೇಳಿದರು. ನೀವು ತಲೆ ತಗ್ಗಿಸಿ, "ದಾರಿ ಬಿಟ್ಟರಾ, ಗಡಿಯವರು ನಿನ್ನನ್ನ ಹೇಗೆ ಬಿಟ್ಟರು ಅಂತ ಕೇಳ್ತಿದಾರೆ" ಎಂದಿರಿ. ನಾನು ಕೊಳ್ಳೇಗಾಲದಿಂದ ಬಂದವಳು. ಅವರು ನನ್ನನ್ನು ಮಗನ ಹಿಂದೆ ಸಿಂಧಿನಿಂದ ಗಡಿ ದಾಟಿ ಬಂದ ಹೆಂಡತಿ ಎಂದುಕೊಂಡಿದ್ದರು. ಅವರ ಮಗ ಲೂಣಾರಾಮ ಒಂಟೆಯ ಮೇಲೆ ಉಣ್ಣೆ ಹೇರಿಕೊಂಡು ಸಿಂಧಿಗೆ ಹೋದ ವರ್ಷವೇ ದೇಶ ಎರಡಾಯಿತು, ಹೋದವನು ಬರಲಿಲ್ಲ. ಆಮೇಲೆ ಪಲ್ಟನ್ನಿನ ಕೆಲಸದ ಮೇಲೆ ಬಂದು ಆ ಮನೆಯಲ್ಲಿ ಬಿಡಾರ ಮಾಡಿದ್ದ ನಿಮಗೆ ಟೈಫಾಯಿಡ್ ಬಂದಾಗ ಅವರೇ ನಿಮ್ಮ ಆರೈಕೆ ಮಾಡಿದರು. ನಿಮ್ಮ ಜ್ವರ ಇಳಿಯುವ ಹೊತ್ತಿಗೆ ಅವರ ಕಣ್ಣು ಮಂಜಾಯಿತು, ಬುದ್ಧಿಯೂ ಸ್ವಲ್ಪ ಮಂಜಾಯಿತು. ಒಂದು ದಿನ ನಿಮ್ಮನ್ನು ಲೂಣಾ ಎಂದು ಕರೆದರು. ನೀವು ಓಗೊಟ್ಟಿರಿ. ಇಷ್ಟೇ ಕಥೆ. ನಾನು ಬೈಯಲು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ದಂಡವಾಯಿತು. ಬೇರೆ ಹೆಣ್ಣೇ ಇದ್ದಿದ್ದರೆ ಜಗಳವಾಡಿ ಹಗುರಾಗಿ ಬರುತ್ತಿದ್ದೆನೇನೋ.

ಊರಿಗೆ ಬಂದು ಅತ್ತೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು. "ಇನ್ನೊಬ್ಳು ಎಂಡ್ತೀನ ಕಟ್ಕಂಡಿದ್ರೆ ಬೈದು ಸುಮ್ಕಾಯ್ತಿದ್ದೆ ಕಣವ್ವ. ಇನ್ನೊಬ್ಳು ತಾಯ್ನ ಕಟ್ಕಂಡವ್ನಲ್ಲಾ! ನಾನೇನು ಸತ್ತೋಗಿದ್ದೀನಾ?" ಎಂದರು. ಆಮೇಲೆ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ಸುದ್ದಿ ತಂದದ್ದೇ ನನ್ನ ತಪ್ಪು ಎನ್ನುವ ಹಾಗೆ ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಸಂಜೆ ಲಿಂಗಪೂಜೆಗೆ ಕೂತರೆ ಏಳುತ್ತಿರಲಿಲ್ಲ. ಭಾವನವರು ಹೇಳಿ ನೋಡಿದರು, ಶಾಗ್ಯದವರು ಬಂದು ಹೇಳಿದರು. ಕಲ್ಲಿನ ಮುಂದೆ ಕೂತು ಮಾತಾಡಿದ ಹಾಗೆ ಆಯಿತು.

ಒಂದು ಸಂಜೆ ಇಬ್ಬರೂ ಸೊಪ್ಪು ಹೆಚ್ಚುತ್ತಿದ್ದೆವು. ಇದ್ದಕ್ಕಿದ್ದ ಹಾಗೆ, "ಆ ಊರಲ್ಲಿ ನೋಡಂತದ್ದೇನೈತೆ?" ಎಂದರು. ಮಗನ ಸುದ್ದಿ ಕೇಳಲಿಲ್ಲ, ಮುದುಕಿಯ ಸುದ್ದಿ ಕೇಳಲಿಲ್ಲ, ಊರಿನ ಸುದ್ದಿ ಕೇಳಿದರು. ಮಾತು ಶುರುವಾಯಿತಲ್ಲ, ಸಾಕು ಎಂದು ನಾನು ಕೋಟೆಯಿಂದ ಹಿಡಿದೆ. ಬಯಲಿನ ನಡುವೆ ಒಂದೇ ಗುಡ್ಡ, ಗುಡ್ಡದ ತುಂಬ ಕೋಟೆ, ಬೆಳಿಗ್ಗೆ ಬೂದುಬಣ್ಣ, ಸಂಜೆಯಾದರೆ ಹೊಸ ಬೆಲ್ಲದ ಬಣ್ಣ ಎಂದೆ. ಕೋಟೆಯೊಳಗೆ ರಾಜನೊಬ್ಬನೇ ಅಲ್ಲ, ಸಾವಿರಾರು ಜನ ಮನೆ ಕಟ್ಟಿಕೊಂಡಿದ್ದಾರೆ, ದನ ಕಟ್ಟುತ್ತಾರೆ, ಮಕ್ಕಳು ಬುರುಜಿನ ಮೇಲೆ ಗಾಳಿಪಟ ಬಿಡುತ್ತಾರೆ ಎಂದೆ. ನೀವು ಬಾಗಿಲ ಹತ್ತಿರ ನಿಂತು ಹೇಳಿದ ಹಳೇ ಕಥೆಯನ್ನೂ ಹೇಳಿದೆ. ದೆಹಲಿಯ ದಂಡು ವರ್ಷಗಟ್ಟಲೆ ಸುತ್ತುವರಿದು ಕೂತಾಗ ಗಂಡಸರು ಕೋಟೆ ಬಾಗಿಲು ತೆಗೆದು ಸಾಯಲು ಹೋದರಂತೆ, ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬೆಂಕಿಗೆ ಬಿದ್ದರಂತೆ ಎಂದೆ. ಅತ್ತೆಯವರು ಕುಡುಗೋಲು ನಿಲ್ಲಿಸಿ ಕೇಳಿದರು. "ಅಷ್ಟು ದೊಡ್ಡ ಕೋಟೆ ಕಟ್ಟೋರ್ಗೆ ಒಂದು ಇತ್ಲು ಬಾಗ್ಲು ಮಡಗ್ಬೇಕು ಅನ್ನೋ ಗ್ಯಾನ ಇರ್ನಿಲ್ವಾ?" ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಆ ಹೆಂಗಸರ ಹೆಸರು ಯಾರಿಗಾದರೂ ಗೊತ್ತೇ ಎಂದರು.

ಅಂದಿನಿಂದ ದಿನವೂ ಇದೇ ಆಯಿತು. ಸಂಜೆ ಸೊಪ್ಪಿನ ಮಂಕರಿ ಬಂದ ಕೂಡಲೇ, "ಊಂ, ಯೋಳವ್ವ" ಎನ್ನುತ್ತಿದ್ದರು. ಸಾಹುಕಾರರ ದೊಡ್ಡ ದೊಡ್ಡ ಮನೆಗಳ ಸುದ್ದಿ ಹೇಳಿದೆ. ನಮ್ಮ ರೇಷ್ಮೆಸೀರೆಯ ಸೆರಗಿನಲ್ಲಿ ಬುಟ್ಟಾ ನೇಯುವ ಹಾಗೆ ಕಲ್ಲಿನಲ್ಲಿ ಜಾಲರಿ ಕೊರೆದಿದ್ದಾರೆ, ಆದರೆ ಬಾಗಿಲಿಗೆಲ್ಲ ಬೀಗ, ಒಳಗೆ ಪಾರಿವಾಳ ಎಂದೆ. ಸಿಂಧಿನ ದಾರಿ ಮುಚ್ಚಿದ ಮೇಲೆ ವ್ಯಾಪಾರವಿಲ್ಲ, ಉಳಿದಿದ್ದ ಸಾಹುಕಾರರೂ ಬೊಂಬಾಯಿಗೋ ಕಲ್ಕತ್ತೆಗೋ ಹೊರಟುಹೋದರು ಎಂದು ನೀವು ಹೇಳಿದ್ದನ್ನು ಹೇಳಿದೆ. ಲೊಕ್ಕನಹಳ್ಳಿ ಕಡೆಯಿಂದ ಜೇನು, ಸೀಗೆಕಾಯಿ ತರುವ ಸೋಲಿಗರ ದೊಡ್ಡತಾಯಮ್ಮ ಅವತ್ತು ಇಲ್ಲೇ ಕೂತಿದ್ದಳು. "ಕಾಡೇ ಇಲ್ದಿದ್ರೆ ದನ ಏನ್ ಮೇಯ್ತವೆ ಅವ್ವಾ?" ಎಂದು ಕೇಳಿದಳು. ಮುಳ್ಳು ಮೇಯುತ್ತವೆ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಕೆರೆಯ ಬಾಗಿಲಿನ ಕಥೆ ಮಾತ್ರ ಅತ್ತೆಯವರಿಗೆ ಬಹಳ ಹಿಡಿಸಿತು. ಗಡೀಸರ ಕೆರೆಗೆ ಹೋಗುವ ದಾರಿಯಲ್ಲಿ ತೀಲೋ ಎಂಬ ನಾಯಕಸಾನಿ ದುಡ್ಡು ಸುರಿದು ದೊಡ್ಡ ಬಾಗಿಲು ಕಟ್ಟಿಸಿದಳಂತೆ, ಸೂಳೆ ಕಟ್ಟಿಸಿದ ಬಾಗಿಲ ಕೆಳಗೆ ನಾವು ಹೋಗುವುದೇ ಎಂದು ಅರಮನೆಯವರು ಕೆಡವಿಸಲು ಹೊರಟರಂತೆ, ಅಷ್ಟರಲ್ಲಿ ಅವಳು ಬಾಗಿಲ ನೆತ್ತಿಯ ಮೇಲೆ ಕೃಷ್ಣನ ಗುಡಿ ಕಟ್ಟಿಸಿ ಯಾರೂ ಮುಟ್ಟದ ಹಾಗೆ ಮಾಡಿದಳಂತೆ. "ಭಲೆ ಎಣ್ಣು ಕಣವ್ವ! ಸರಿಯಾಗ್ ಮಾಡವ್ಳೆ" ಎಂದು ಅತ್ತೆಯವರು ತೊಡೆ ತಟ್ಟಿಕೊಂಡು ನಕ್ಕರು. ನೀವು ಆ ನಗು ಕೇಳಬೇಕಿತ್ತು. ನಾನು ಜೈಸಲ್ಮೇರಿನಿಂದ ವಾಪಸು ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಈ ತಿಂಗಳು ಗೌರಿಹಬ್ಬದ ದಿನ ಅಣ್ಣ ಯಳಂದೂರಿನಿಂದ ಬಾಗಿನ ತಂದಿದ್ದ. ಅತ್ತೆಯವರು, "ಅಲ್ಲೂ ಗೌರಿ ಮಡಗ್ತಾರಾ?" ಎಂದರು. ಮಡಗುತ್ತಾರೆ, ಆದರೆ ಯುಗಾದಿ ಕಳೆದ ಕೂಡಲೇ ಎಂದೆ. ಬೇರೆ ಊರುಗಳಲ್ಲೆಲ್ಲ ಗೌರಿಯ ಪಕ್ಕದಲ್ಲಿ ಅವಳ ಗಂಡ ಈಶ್ವರನೂ ಇರುತ್ತಾನಂತೆ. ಜೈಸಲ್ಮೇರಿನಲ್ಲಿ ಮಾತ್ರ ಗೌರಿ ಒಬ್ಬಳೇ. ಎಂದೋ ಒಂದು ಕಾಲದಲ್ಲಿ ಬಿಕಾನೇರಿನವರು ನುಗ್ಗಿ ಅವಳ ಗಂಡನ ಮೂರ್ತಿಯನ್ನು ಹೊತ್ತುಕೊಂಡು ಹೋದರಂತೆ. ಅಂದಿನಿಂದ ಅವಳು ಮೈತುಂಬ ಒಡವೆ ಹಾಕಿಕೊಂಡು, ಒಂಟೆ, ಕುದುರೆ, ಡೋಲಿನ ಹಿಂದೆ ಒಬ್ಬಳೇ ಮೆರವಣಿಗೆ ಹೊರಡುತ್ತಾಳೆ. ಆ ಮೆರವಣಿಗೆಯಲ್ಲಿ ನಾವಿಬ್ಬರೂ ಧಾಪುಬಾಯಿಯವರ ಕೈ ಒಂದೊಂದು ಕಡೆ ಹಿಡಿದುಕೊಂಡು ನಿಂತಿದ್ದೆವಲ್ಲ. ಸುತ್ತಲಿನ ಹೆಂಗಸರೆಲ್ಲ ಹಾಡುತ್ತಿದ್ದರು, ಅವರೂ ಹಾಡಿದರು. ನಾನು ಗೌರಿಯ ಮುಖವನ್ನೇ ನೋಡುತ್ತಿದ್ದೆ. ಇದನ್ನೆಲ್ಲ ಹೇಳಿದೆ. ಅತ್ತೆಯವರು, "ಇಸ್ಕಂಡ್ ಬರಕ್ಕೆ ಯಾರೂ ಓಗ್ನಿಲ್ವಾ?" ಎಂದರು. ಹೋಗಲಿಲ್ಲವಂತೆ ಎಂದೆ. "ಥೂ" ಎಂದು ಎದ್ದುಹೋದರು.

ಆಮೇಲೇ ಅವರು ಮುದುಕಿಯ ಮಾತೆತ್ತಿದ್ದು. "ಆ ಕೆರೆಯಿಂದ ಆ ಮುದ್ಕಿಗೆ ನೀರ್ ತಂದ್ಕೊಡೋರ್ಯಾರು?" ಎಂದರು. ನಿಮ್ಮ ಮಗನೇ, ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಎಂದೆ. "ಇಲ್ಲಿ ಒಂದು ಚೆಂಬು ನೀರ್ ಎತ್ತಿ ಕೊಟ್ಟೋನಲ್ಲ!" ಎಂದು ಮುಖ ಊದಿಸಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಅವಳ ಮಗನ ಹೆಸರು ಕೇಳಿದರು. ಗಡಿ ದಾಟಲು ಯಾಕೆ ಆಗುವುದಿಲ್ಲ ಎಂದು ಕೇಳಿದರು. ಅತ್ತೆಯವರಿಗೆ ಗೊತ್ತಿರುವ ಗಡಿ ಯಾವುದು? ರೇಷನ್ ಕಾಲದಲ್ಲಿ ನನ್ನ ತವರಿನಿಂದ ಬರುತ್ತಿದ್ದ ಅಕ್ಕಿ ಮೂಟೆಯನ್ನು ಚೌಕಿಯವರು ತಡೆಯುತ್ತಿದ್ದರಲ್ಲ, ಅದೊಂದೇ. "ಏನಾರ ಕೈಗಿಟ್ರೆ ಬುಡಕ್ಕಿಲ್ವಾ?" ಎಂದರು. ಆ ಗಡಿಯಲ್ಲಿ ಬಂದೂಕಿದೆ, ಈಚಿನವರು ಆಚೆ ಹೋದರೆ ಬದುಕಿದ್ದಾರೋ ಇಲ್ಲವೋ ಎನ್ನುವುದೂ ತಿಳಿಯುವುದಿಲ್ಲ ಎಂದೆ. ಅವತ್ತು ಅವರು ಊಟ ಮಾಡಿದರು, ಆದರೆ ಏನು ಬಡಿಸಿದ್ದೆ ಎಂದು ಕೇಳಿದ್ದರೆ ಹೇಳುತ್ತಿರಲಿಲ್ಲ. ಮಲಗುವ ಮೊದಲು ನನ್ನನ್ನು ಕರೆದು, "ಅಂವ ಬರ್ದಿದ್ರೆ ಬ್ಯಾಡ ಬುಡವ್ವ. ಆ ಮುದ್ಕಿ ಮಣ್ಣಾಗೋಗಂಟ ಅಲ್ಲೇ ಇರ್ಲಿ. ನಂಗೆ ನೀನಿದ್ದೀಯಲ್ಲ" ಎಂದರು.

ಈಗ ನನ್ನ ಮಾತು. ಅತ್ತೆಯವರು ಅಂದದ್ದು ದೊಡ್ಡ ಮನಸ್ಸಿನ ಮಾತು, ಊರಿನವರು ಕೇಳಿದರೆ ಕೈ ಮುಗಿಯುತ್ತಾರೆ. ಆದರೆ ಅದೇ ಮಾತನ್ನು ನಾನು ಮೊದಲೇ ಒಂದು ಸಲ ನಿಮ್ಮ ಬಾಯಲ್ಲಿ ಕೇಳಿದ್ದೆ. ಗಡೀಸರ ಕೆರೆಯ ಮೆಟ್ಟಿಲ ಮೇಲೆ ಕೂತು, ನಾನು ಇಲ್ಲೇ ಇದ್ದುಬಿಡಲೇ ಎಂದು ನಿಮ್ಮನ್ನು ಕೇಳಿದೆ. ಸಜ್ಜೆ ರೊಟ್ಟಿ ತಟ್ಟುವುದನ್ನು ಕಲಿತಿದ್ದೇನೆ, ನೀರು ಹೊರುತ್ತೇನೆ, ಅವರ ಸೇವೆ ಮಾಡುತ್ತೇನೆ ಎಂದೆ. ನೀವು ನೀರನ್ನೇ ನೋಡುತ್ತಾ, "ಅಲ್ಲಿ ಅವ್ವ ಒಬ್ಬಳೇ ಆಗ್ತಾಳೆ. ನೀನು ಅಲ್ಲಿದ್ದೀಯ ಅನ್ನೋ ಧೈರ್ಯದ ಮೇಲೇ ನಾನು ಇಲ್ಲಿರೋದು" ಎಂದಿರಿ. ಅಲ್ಲಿನ ತಾಯಿಗೆ ನೀವು ಬೇಕು. ಇಲ್ಲಿನ ತಾಯಿಗೆ ನಾನು ಬೇಕು. ನೀವೂ ಅತ್ತೆಯವರೂ ಒಳ್ಳೆಯವರು, ಧಾಪುಬಾಯಿಯವರೂ ಒಳ್ಳೆಯವರು, ನನಗೆ ಯಾರ ಮೇಲೂ ಸಿಟ್ಟಿಲ್ಲ. ಸಿಟ್ಟಿದ್ದರೆ ಒಂದಷ್ಟು ಕಸುವಾದರೂ ಇರುತ್ತಿತ್ತು. ಮದುವೆಯಾದಾಗಿನಿಂದ ನಾವು ಒಂದೇ ಸೂರಿನ ಕೆಳಗೆ ಇದ್ದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ಬೆಳೆ ಹುಳ ಸಾಕಿದಷ್ಟು ಕಾಲವಾಗುವುದಿಲ್ಲ. ಕೇರಿಯ ಹೆಂಗಸರು ಮಡಿಲು ತುಂಬುವಾಗ ಮಕ್ಕಳಿಲ್ಲದ ನನ್ನನ್ನು ಕೊನೆಗೆ ಕರೆಯುತ್ತಾರೆ. ನಾನು ಹೋಗುತ್ತೇನೆ, ನಗುತ್ತೇನೆ, ಬರುತ್ತೇನೆ. ಸಂಜೆ ಮತ್ತೆ ಆ ಊರಿನ ಕಥೆ ಹೇಳುತ್ತೇನೆ. ಹೇಳಿ ಹೇಳಿ ಈಗ ಬಾಯಿ ಒಣಗಿದೆ.

ಬನ್ನಿ ಎಂದು ನಾನು ಬರೆಯುವುದಿಲ್ಲ. ಬಂದರೆ ಅಲ್ಲಿ ಕುರುಡು ಮುದುಕಿಯೊಬ್ಬರು ಮತ್ತೊಂದು ಸಲ ಮಗನನ್ನು ಕಳೆದುಕೊಳ್ಳುತ್ತಾರೆ, ಆ ಪಾಪ ನನ್ನ ತಲೆಗೆ ಬೇಡ. ಬರಬೇಡಿ ಎಂದು ಬರೆಯುವಷ್ಟು ಧಾರಾಳವೂ ನನ್ನಲ್ಲಿ ಉಳಿದಿಲ್ಲ. ನಿಮಗೆ ತೋಚಿದ ಹಾಗೆ ಮಾಡಿ. ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತು, ಅತ್ತೆಯವರು ಜಗುಲಿಯಿಂದ, "ಅದೇನ್ ಮಾಭಾರ್ತ ಬರೀತಿದ್ದೀಯವ್ವ?" ಎಂದು ಎರಡು ಸಲ ಕೂಗಿದರು. ಅಲ್ಲಿನ ಅಮ್ಮನ ಪಾದಕ್ಕೆ ನನ್ನ ನಮಸ್ಕಾರ ಹೇಳಿ. ಭಾವನವರು ಆಶೀರ್ವಾದ ತಿಳಿಸಿದ್ದಾರೆ. ಬೆಟ್ಟದ ಮಾದಪ್ಪ ನಿಮ್ಮನ್ನು ಕಾಯಲಿ.

ನಿಮ್ಮವಳು,
ಶಿವರತ್ನ

ಮಾರನೆಯ ಬೆಳಿಗ್ಗೆ ಸೇರಿಸಿದ್ದು: ಟಪಾಲಿಗೆ ಹಾಕಲು ಹೊರಟಿದ್ದೆ, ಅತ್ತೆಯವರು ಬಾಗಿಲಲ್ಲಿ ಅಡ್ಡ ನಿಂತರು. ಬೆಳಗಾಗುವ ಮೊದಲೇ ಭಾವನವರ ಮನೆಗೆ ಹೋಗಿ ಹಿಪ್ಪುನೇರಳೆ ತೋಟ, ಹುಳದ ಮನೆ ಎಲ್ಲವನ್ನೂ ಅವರಿಗೆ ಒಪ್ಪಿಸಿ ಬಂದಿದ್ದಾರೆ. "ನಾನೂ ಬತ್ತೀನಿ ಅಂತ ಕಾಗ್ದದಲ್ಲಿ ಸೇರ್ಸ್ಬುಡವ್ವ. ಆ ಮುದ್ಕೀನ ನೋಡ್ಬೇಕು" ಎಂದರು. ಮಂಡಿನೋವು, ರೈಲು, ಮರಳು ಎಂದು ಏನು ಹೇಳಿದರೂ ಕೇಳುತ್ತಿಲ್ಲ. ನಂಜನಗೂಡು, ಮಾದಪ್ಪನ ಬೆಟ್ಟ ಬಿಟ್ಟು ಬೇರೆ ಊರು ಕಂಡವರಲ್ಲ. ಟ್ರಂಕು ಆಗಲೇ ಜಗುಲಿಗೆ ಬಂದಿದೆ. ಗೂಡು ಮಾರಿ, ವಿಜಯದಶಮಿ ಕಳೆದ ಕೂಡಲೇ ಅಣ್ಣ ನಮ್ಮಿಬ್ಬರನ್ನೂ ಕರೆತರುತ್ತಾನೆ. ಬೇಡವೆಂದು ತಂತಿ ಕೊಡಬೇಡಿ, ಕೊಟ್ಟರೂ ನಾನು ಅದನ್ನು ಅವರಿಗೆ ಓದಿ ಹೇಳುವುದಿಲ್ಲ. ಚರ್ಮದ ಚೀಲದ ನೀರನ್ನು ಅವರು ಮುಟ್ಟುವುದಿಲ್ಲ, ಬೇರೆ ಹಂಡೆ ಇಡಿ. ಧಾಪುಬಾಯಿಯವರಿಗೆ ಮುಂಚೆಯೇ ಹೇಳಿಡಿ. ಲೂಣಾನಿಗೆ ಇನ್ನೊಬ್ಬ ತಾಯಿ ಎಲ್ಲಿಂದ ಬಂದಳು ಎಂದು ಅವರು ಕೇಳಿದರೆ ಉತ್ತರ ನೀವೇ ಹುಡುಕಬೇಕು, ನನಗೆ ತೋಚುತ್ತಿಲ್ಲ. ಅತ್ತೆಯವರು ನಿಮ್ಮನ್ನು ಕರೆತರಲು ಬರುತ್ತಿದ್ದಾರೋ, ಜಗಳಕ್ಕೆ ಬರುತ್ತಿದ್ದಾರೋ, ಅಲ್ಲೇ ಉಳಿಯಲು ಬರುತ್ತಿದ್ದಾರೋ ಎಂದು ಕೇಳಿದೆ. "ಅಲ್ಲೋದ್ಮೇಲೆ ನೋಡ್ಮ" ಎಂದರು. ಅವರು ನೋಡಿಕೊಳ್ಳಲಿ. ವಾಪಸು ಬರಲು ಅತ್ತೆಯವರಿಗೂ ಅಣ್ಣನಿಗೂ ಟಿಕೆಟ್ ಬೇಕಾದೀತು. ನನಗೆ ಹೋಗುವುದಕ್ಕೆ ಮಾತ್ರ ತೆಗೆಸು ಎಂದು ಅಣ್ಣನಿಗೆ ಹೇಳಿ ಕಳಿಸಿದ್ದೇನೆ. — ಶಿ.